ಅಭ್ಯಂಗಕ್ಕೆ ಒಂದು ಗಂಟೆ ಎಂದು ಗೊತ್ತುಮಾಡಿದವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ದೀಪಾವಳಿ ಹತ್ತಿರ ಬಂತೆಂದರೆ ಪತ್ರಿಕೆಗಳ ಪುರವಣಿಗಳಲ್ಲಿ ಆಯುರ್ವೇದ ಮಸಾಜ್ ಪ್ಯಾಕೇಜುಗಳ ಜಾಹೀರಾತು ತುಂಬಿಕೊಳ್ಳುತ್ತದೆ. ‘60 ನಿಮಿಷ’, ‘90 ನಿಮಿಷ’ ಎಂಬ ಅಂಕಿಗಳ ಪಕ್ಕದಲ್ಲೇ ‘ಋಷಿಗಳು ಹೇಳಿದ ಕಾಲಪ್ರಮಾಣ’ ಎಂಬ ಮಾತೂ ಇರುತ್ತದೆ. ಜಾಹೀರಾತಿನವರು ಬರೆದುಕೊಳ್ಳಲಿ, ಆದರೆ ಅದೇ ಮಾತು ಈಗ ಆರೋಗ್ಯ ಅಂಕಣಗಳಲ್ಲೂ ನುಸುಳುತ್ತಿರುವುದರಿಂದ ಈ ಪತ್ರ. ಎಣ್ಣೆ ಎಷ್ಟು ಹೊತ್ತು ಎಂಬುದಕ್ಕೆ ಗ್ರಂಥದಲ್ಲಿ ಲೆಕ್ಕ ಇದೆ, ನಿಜ. ಅದು ಗಂಟೆಯ ಲೆಕ್ಕವಲ್ಲ, ಇಡೀ ಮೈಯ ಲೆಕ್ಕವೂ ಅಲ್ಲ.

ಆಯುರ್ವೇದದ ಹಳೆಯ ಗ್ರಂಥವಾದ ವಾಗ್ಭಟನ ಅಷ್ಟಾಂಗಹೃದಯ ‘ಅಭ್ಯಂಗಮಾಚರೇನ್ನಿತ್ಯಂ’, ಅಂದರೆ ಮೈಗೆ ಎಣ್ಣೆ ಹಚ್ಚಿ ತಿಕ್ಕುವ ಅಭ್ಯಂಗವನ್ನು ದಿನವೂ ಮಾಡಬೇಕು, ಎನ್ನುತ್ತದೆ. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಿಕೊಳ್ಳಿ ಎನ್ನುತ್ತದೆ. ಕಫ ಕಟ್ಟಿದವರಿಗೆ, ವಮನ–ವಿರೇಚನ (ವಾಂತಿ, ಭೇದಿ ಮಾಡಿಸುವ ಚಿಕಿತ್ಸೆ) ಆದವರಿಗೆ, ಅಜೀರ್ಣವಾದವರಿಗೆ ಬೇಡ ಎನ್ನುತ್ತದೆ. ಎಷ್ಟು ಹೊತ್ತು ಎಂದು ಮಾತ್ರ ಹೇಳುವುದಿಲ್ಲ. ಚರಕವೂ ಅಷ್ಟೇ. ಹೊತ್ತಿನ ಲೆಕ್ಕ ಸಿಗುವುದು ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ 24ನೇ ಅಧ್ಯಾಯಕ್ಕೆ ಡಲ್ಹಣ ಬರೆದ ವ್ಯಾಖ್ಯಾನದಲ್ಲಿ. ಡಲ್ಹಣ 12ನೇ ಶತಮಾನದವನು. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಅರಸನ ಎಣ್ಣೆಸ್ನಾನವನ್ನೂ ಒಂದು ಭೋಗವೆಂದು ಸೇರಿಸಿದ್ದು ಅದೇ ಶತಮಾನದಲ್ಲಿ. ಡಲ್ಹಣ ಕೊಡುವ ಶ್ಲೋಕದ ಲೆಕ್ಕ ಹೀಗಿದೆ: ಎಣ್ಣೆ ಕೂದಲ ಬುಡದಲ್ಲಿ 300 ಮಾತ್ರೆ ನಿಲ್ಲಬೇಕು, 400ಕ್ಕೆ ಚರ್ಮ, 500ಕ್ಕೆ ರಕ್ತ, 600ಕ್ಕೆ ಮಾಂಸ, 700ಕ್ಕೆ ಮೇದಸ್ಸು, 800ಕ್ಕೆ ಮೂಳೆ, 900ಕ್ಕೆ ಮಜ್ಜೆ.

ಮಾತ್ರೆ ಅಂದರೆ ಇಲ್ಲಿ ಗುಳಿಗೆಯಲ್ಲ, ಕಾಲದ ಅಳತೆ. ಸುಶ್ರುತನ ಸೂತ್ರಸ್ಥಾನದ 6ನೇ ಅಧ್ಯಾಯದಲ್ಲಿ ಅದರ ಕೋಷ್ಟಕವಿದೆ. ಒಂದು ಲಘು ಅಕ್ಷರ ಉಚ್ಚರಿಸುವಷ್ಟು ಹೊತ್ತು ಒಂದು ನಿಮೇಷ; ಮಾತ್ರೆ ಎಂದರೂ ಅಷ್ಟೇ ಹೊತ್ತು. ಹದಿನೈದು ನಿಮೇಷಕ್ಕೆ ಒಂದು ಕಾಷ್ಠೆ, ಮೂವತ್ತು ಕಾಷ್ಠೆಗೆ ಒಂದು ಕಲೆ, ಇಪ್ಪತ್ತು ಕಲೆ ಮತ್ತು ಒಂದು ಕಲೆಯ ಹತ್ತನೇ ಒಂದು ಭಾಗ ಸೇರಿದರೆ ಒಂದು ಮುಹೂರ್ತ, ಮೂವತ್ತು ಮುಹೂರ್ತಕ್ಕೆ ಒಂದು ಹಗಲು–ರಾತ್ರಿ. ಮುಹೂರ್ತ ಎಂದರೆ ಎರಡು ಗಳಿಗೆ, ಇಂದಿನ 48 ನಿಮಿಷ, ಅಂದರೆ 2,880 ಸೆಕೆಂಡು. ಅದರಲ್ಲಿ 9,045 ನಿಮೇಷಗಳು ಬರುತ್ತವೆ. ಭಾಗಿಸಿ ನೋಡಿ: ಒಂದು ಮಾತ್ರೆಗೆ 0.318 ಸೆಕೆಂಡು. ಆ ಪ್ರಕಾರ 300 ಮಾತ್ರೆ ಎಂದರೆ 95 ಸೆಕೆಂಡು. 900 ಮಾತ್ರೆ ಎಂದರೆ 4 ನಿಮಿಷ 47 ಸೆಕೆಂಡು. ಪಂಚಕರ್ಮ (ಆಯುರ್ವೇದದ ಶೋಧನ ಚಿಕಿತ್ಸೆ) ಕಲಿಯುವ ವಿದ್ಯಾರ್ಥಿಗಳು ‘ಒಂದೊಂದು ಭಂಗಿಗೆ ಐದು ನಿಮಿಷ’ ಎಂದು ಬಾಯಿಪಾಠ ಮಾಡುವುದರ ಮೂಲ ಇಷ್ಟೇ.

ಭಂಗಿಗಳು ಏಳು: ಕಾಲು ಚಾಚಿ ಕೂತು, ಅಂಗಾತ, ಒಂದು ಮಗ್ಗುಲು, ಬೋರಲು, ಇನ್ನೊಂದು ಮಗ್ಗುಲು, ಮತ್ತೆ ಅಂಗಾತ, ಮತ್ತೆ ಕೂತು. ಏಳು ಸಲ 900 ಮಾತ್ರೆಗೆ 33 ನಿಮಿಷ 26 ಸೆಕೆಂಡು, ದುಂಡಗೆ ಹೇಳಿದರೆ 35 ನಿಮಿಷ. ತಲೆ, ಕಿವಿ, ಅಂಗಾಲಿಗೆ ಇನ್ನೊಂದು ಹತ್ತು ಸೇರಿಸಿ, 45. ಆಮೇಲೆ ಸ್ಟೀಮ್ ಪೆಟ್ಟಿಗೆಯಲ್ಲಿ 10ರಿಂದ 15 ನಿಮಿಷದ ಸ್ವೇದನ, ಅಲ್ಲಿಗೆ ಗಂಟೆ ತುಂಬಿತು. ಆಸ್ಪತ್ರೆಗಳ ‘45 ನಿಮಿಷದ ಅಭ್ಯಂಗ’ಕ್ಕೆ ಹೀಗೆ ಒಂದು ಆಧಾರವಿದೆ. ಆದರೆ ಈ ಕೂಡಿಕೆ ಡಲ್ಹಣ ಮಾಡಿದ್ದಲ್ಲ, ತರಗತಿಯ ಕರಿಹಲಗೆಯ ಮೇಲೆ ಆದದ್ದು. ಅವನು ಹೇಳಿದ್ದು ಎಣ್ಣೆ ಬಿದ್ದ ಜಾಗದ ಮಾತು.

ಈ ಶ್ಲೋಕವನ್ನು ಓದುವಾಗ ಎಡವುವ ಜಾಗಗಳು ಮೂರಿವೆ. ಮೊದಲನೆಯದು, 300, 400, 500 ಎಂದು ಎಲ್ಲವನ್ನೂ ಒಂದಕ್ಕೊಂದು ಕೂಡಿಸುವುದು. ಕೂಡಿಸಿದರೆ 4,200 ಮಾತ್ರೆ, ಜಾಗವೊಂದಕ್ಕೆ 22 ನಿಮಿಷ, ಏಳು ಭಂಗಿಗೆ ಎರಡೂವರೆ ಗಂಟೆ ಮೀರುತ್ತದೆ. ಶ್ಲೋಕದ ಅರ್ಥ ಅದಲ್ಲ. ಮೈಲಿಗಲ್ಲುಗಳನ್ನು ಎಣಿಸುವಂತೆ, ಹೊರಟಲ್ಲಿಂದಲೇ ಲೆಕ್ಕ.

ಎರಡನೆಯದು ಮಾತ್ರೆಯ ಗಾತ್ರ. ವಾಗ್ಭಟ ಮಾತ್ರೆಗೆ ಇನ್ನೊಂದು ವಿವರಣೆ ಕೊಡುತ್ತಾನೆ: ಬಲಗೈ ತುದಿಯನ್ನು ಮೊಣಕಾಲಿನ ಸುತ್ತ ಒಂದು ಸುತ್ತು ತರುವ ಹೊತ್ತು, ಅದು ರೆಪ್ಪೆ ಮುಚ್ಚಿ ತೆರೆಯುವ ಹೊತ್ತಿಗೆ ಸಮ. ಕೂತಲ್ಲೇ ಮಾಡಿ ನೋಡಿ. ಮಂಡಿಚಿಪ್ಪಿನ ಸುತ್ತ ಬೆರಳ ತುದಿ ಓಡಿಸಿ ತರಲು ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು. ರೆಪ್ಪೆಗೆ ಅಷ್ಟು ಬೇಡ. ಕೈಯನ್ನೇ ನಂಬಿದರೆ 900 ಮಾತ್ರೆಗೆ 15 ನಿಮಿಷವಾಗಿ ಏಳು ಭಂಗಿಗೆ ಒಂದೂಮುಕ್ಕಾಲು ಗಂಟೆ ಆಗುತ್ತದೆ. ‘90 ನಿಮಿಷವೇ ಶಾಸ್ತ್ರೀಯ’ ಎಂದು ವಾದಿಸುವವರಿಗೆ ಇಲ್ಲೊಂದು ಹಿಡಿ ಸಿಗುತ್ತದೆ. ಆದರೆ ವಾಗ್ಭಟ ಈ ಮಾತು ಹೇಳುವುದು ಶಿರೋಬಸ್ತಿಯ ಪ್ರಕರಣದಲ್ಲಿ. ತಲೆಯ ಮೇಲೆ ಚರ್ಮದ ಟೋಪಿ ಕಟ್ಟಿ, ಅಂಚಿಗೆ ಉದ್ದಿನಹಿಟ್ಟು ಮೆತ್ತಿ, ಎಣ್ಣೆ ನಿಲ್ಲಿಸುವ ಕ್ರಮ ಅದು. ಅಲ್ಲಿ ವಾತಕ್ಕೆ 10,000 ಮಾತ್ರೆ, ಪಿತ್ತಕ್ಕೆ 8,000, ಕಫಕ್ಕೆ 6,000, ಆರೋಗ್ಯವಂತರಿಗೆ 1,000. ಮಾತ್ರೆ ಎಂದರೆ ಸೆಕೆಂಡು ಎಂದಾದರೆ ವಾತರೋಗಿ ಎರಡೂಮುಕ್ಕಾಲು ಗಂಟೆ ಕತ್ತು ಅಲ್ಲಾಡಿಸದೆ ಕೂರಬೇಕು. ಕೀಲುನೋವಿನವರನ್ನು ಹಾಗೆ ಕೂರಿಸಿದರೆ ಬಂದ ನೋವಿನ ಮೇಲೆ ಇನ್ನೊಂದು ನೋವು. ಸುಶ್ರುತನ ಲೆಕ್ಕದಲ್ಲಿ ಅದೇ 53 ನಿಮಿಷ, 42 ನಿಮಿಷ, 32 ನಿಮಿಷ. ಇದು ಆಗುವ ಮಾತು. ಡಲ್ಹಣ ವ್ಯಾಖ್ಯಾನ ಬರೆದದ್ದೂ ಸುಶ್ರುತನಿಗೇ ಆದ್ದರಿಂದ ಅಭ್ಯಂಗಕ್ಕೆ ಸುಶ್ರುತನ ಕೋಷ್ಟಕವನ್ನೇ ಹಿಡಿಯುವುದು ಸರಿ ಎಂಬುದು ನಮ್ಮ ನಿಲುವು.

ಒಂದು ಗಂಟೆ, ಮುಕ್ಕಾಲು ಗಂಟೆ, ಅರ್ಧ ಗಂಟೆ ಎಂಬ ಇಂದಿನ ಮೂರು ದರ್ಜೆಗಳಿಗೆ ಈ 53, 42, 32 ಎಷ್ಟು ಹತ್ತಿರ ಇವೆ ನೋಡಿ! ಇದನ್ನು ಕಂಡು ಜಾಹೀರಾತಿನವರು ಹಿಗ್ಗಬೇಕಾಗಿಲ್ಲ. ಇದು ತಲೆಯ ಮೇಲೆ ನಿಂತ ಎಣ್ಣೆಯ ಲೆಕ್ಕ, ಮೈ ತಿಕ್ಕುವ ಲೆಕ್ಕವಲ್ಲ. ಅಲ್ಲೂ ಬಾಯಿ, ಮೂಗಿನಲ್ಲಿ ನೀರೊಡೆಯುವ ತನಕ ಎಂಬ ಲಕ್ಷಣವೇ ಮುಖ್ಯ. ಏಳು ದಿನಕ್ಕಿಂತ ಹೆಚ್ಚು ಮಾಡಬಾರದು ಎಂಬ ಮಿತಿಯೂ ಇದೆ.

ಮೂರನೆಯ ಎಡವು ಎಲ್ಲಕ್ಕಿಂತ ಸಣ್ಣದು, ಹಾನಿ ದೊಡ್ಡದು. ಶ್ಲೋಕದ ಕ್ರಿಯಾಪದ ‘ಸ್ಥಿತ್ವಾ’, ಅಂದರೆ ‘ನಿಂತು’. ಅಷ್ಟು ಹೊತ್ತು ನಿಲ್ಲಬೇಕಾದ್ದು ಎಣ್ಣೆ. ಎಣ್ಣೆ ಮಜ್ಜೆಯವರೆಗೆ ಇಳಿಯುತ್ತದೆ ಎಂಬುದನ್ನು ಅಕ್ಷರಶಃ ಒಪ್ಪಬೇಕಿಲ್ಲ. ಹಚ್ಚಿದ ಎಳ್ಳೆಣ್ಣೆಯ ಬಹುಪಾಲು ಚರ್ಮದ ಹೊರಪದರದಲ್ಲೇ ಉಳಿಯುತ್ತದೆ. ಆದರೂ ‘ಹಚ್ಚಿದ ಕೂಡಲೇ ಒರೆಸಬೇಡ’ ಎಂಬ ಸೂಚನೆಯಾಗಿ ಅದು ಒಳ್ಳೆಯ ಸೂಚನೆ. ಎಷ್ಟೋ ಕಡೆ ನಡೆಯುವುದು ಇದರ ತಿರುವುಮುರುವು: ಬೆನ್ನಿಗೆ ಇಪ್ಪತ್ತು ನಿಮಿಷ, ಕಾಲಿಗೆ ನಾಲ್ಕು, ಕೊನೆಯಲ್ಲಿ ಹಚ್ಚಿದ ತೋಳಿನ ಎಣ್ಣೆಯನ್ನು ಒಂದು ನಿಮಿಷವೂ ಬಿಡದೆ ಟಿಶ್ಯೂ ಕಾಗದದಲ್ಲಿ ಒರೆಸಿ ಕಳಿಸುವುದು.

ಹಾಗಾದರೆ ಗಂಟೆ ಬಂದದ್ದು ಎಲ್ಲಿಂದ? ಪಶ್ಚಿಮದಿಂದ, ಅದೂ ರೋಗಿಯ ಮಂಚದಿಂದ. ಸ್ಟಾಕ್‌ಹೋಮ್‌ನಲ್ಲಿ ಪೇರ್ ಹೆನ್ರಿಕ್ ಲಿಂಗ್ 1813ರಲ್ಲಿ ವ್ಯಾಯಾಮ ಸಂಸ್ಥೆ ಕಟ್ಟಿದ. ಅವನದು ಅಂಗಸಾಧನೆಯ ಪದ್ಧತಿ. ಆಮ್‌ಸ್ಟರ್‌ಡಾಮಿನ ವೈದ್ಯ ಯೋಹಾನ್ ಮೆಟ್ಸ್‌ಗರ್ 1868ರಲ್ಲಿ ಪ್ರೌಢಪ್ರಬಂಧ ಬರೆದದ್ದು ಉಳುಕಿದ ಪಾದವನ್ನು ಉಜ್ಜಿ ವಾಸಿಮಾಡುವುದರ ಬಗ್ಗೆ. ಒಂದು ಕೀಲು, ಕೆಲವೇ ನಿಮಿಷ. ಅಲ್ಲಿ ಗಂಟೆಗೆ ಕೆಲಸವೇ ಇಲ್ಲ. ಇಡೀ ಮೈಗೆ ಒಂದು ಗಂಟೆ ಎಂದು ಸ್ಪಷ್ಟವಾಗಿ ಅಚ್ಚು ಹಾಕಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ಫಿಲಡೆಲ್ಫಿಯಾದ ನರರೋಗ ವೈದ್ಯ ಸೈಲಸ್ ವಿಯರ್ ಮಿಚೆಲ್. 1877ರಲ್ಲಿ ಅವನು ‘ವಿಶ್ರಾಂತಿ ಚಿಕಿತ್ಸೆ’ಯನ್ನು ವಿವರಿಸಿದ. ಬಳಲಿ ಬಡಕಲಾದವರನ್ನು, ಹೆಚ್ಚಾಗಿ ಹೆಂಗಸರನ್ನು, ವಾರಗಟ್ಟಲೆ ಹಾಸಿಗೆಯಲ್ಲೇ ಇರಿಸಿ ಹಾಲು ಕುಡಿಸಿ ಮೈ ತುಂಬಿಸುವ ಕ್ರಮ. ಅಲ್ಲಾಡದೆ ಮಲಗಿದರೆ ಸ್ನಾಯು ಸೊರಗುತ್ತದೆ, ಹಸಿವು ಹೋಗುತ್ತದೆ. ನಡೆಯುವ ಕೆಲಸವನ್ನು ಇನ್ನೊಬ್ಬರ ಕೈಯಿಂದ ಮಾಡಿಸಬೇಕು. ಅದಕ್ಕೇ ಮಸಾಜ್. ಅವನ ಸೂಚನೆ: ಎರಡು ಊಟಗಳ ನಡುವಿನ ಹೊತ್ತನ್ನು ಆರಿಸು, ಪಾದದಿಂದ ಶುರುಮಾಡು, ಮೊದಮೊದಲು ಅರ್ಧ ಗಂಟೆ, ಮೆಲ್ಲಗೆ ಏರಿಸಿ ಪೂರ್ತಿ ಒಂದು ಗಂಟೆ, ಆಮೇಲೆ ಒಂದು ಗಂಟೆ ಸಂಪೂರ್ಣ ವಿಶ್ರಾಂತಿ.

ಅಜೀರ್ಣದಲ್ಲಿ ಬೇಡ ಎಂದ ವಾಗ್ಭಟನೂ ಎರಡು ಊಟಗಳ ನಡುವೆ ಎಂದ ಮಿಚೆಲನೂ ಒಂದೇ ಕಡೆ ನಿಂತಿದ್ದಾರೆ. ಅರ್ಧ ಗಂಟೆ ಮತ್ತು ಒಂದು ಗಂಟೆ ಎಂಬ ಜೋಡಿ ಅಳತೆ ಮಾತ್ರ ಮಿಚೆಲನದು. ಆ ಅಳತೆ ಉಳಿಯಿತು. ಅರ್ಧದಿಂದ ಗಂಟೆಗೆ ‘ಮೆಲ್ಲಗೆ ಏರಿಸು’ ಎಂಬುದೂ ‘ಆಮೇಲೆ ಒಂದು ಗಂಟೆ ಮಲಗು’ ಎಂಬುದೂ ಉದುರಿಹೋದವು. ಈಗ ಮೊದಲ ಸಲ ಬಂದವರಿಗೇ 90 ನಿಮಿಷದ ಪ್ಯಾಕೇಜ್, ಮುಗಿದ ಮರುಕ್ಷಣ ಸ್ಕೂಟರ್ ಏರಿ ಟ್ರಾಫಿಕ್ಕಿಗೆ.

ಬ್ರಿಟನ್ನಿನಲ್ಲಿ ಮಸಾಜ್ ಹೆಸರಿನ ಅಕ್ರಮಗಳ ಬಗ್ಗೆ ಅಲ್ಲಿನ ವೈದ್ಯಕೀಯ ಪತ್ರಿಕೆ ಬರೆದ ಮೇಲೆ, 1894ರಲ್ಲಿ ನಾಲ್ವರು ಮಹಿಳೆಯರು ತರಬೇತಿ ಪಡೆದವರದೇ ಒಂದು ಸಂಘ ಕಟ್ಟಿದರು. ಇಂದಿನ ಫಿಸಿಯೋಥೆರಪಿ ಸಂಘದ ಬೇರು ಅದು. ಗಂಟೆ ಇನ್ನೂ ಸಣ್ಣ ತುಂಡುಗಳಾಗಿ ಒಡೆದದ್ದು 20ನೇ ಶತಮಾನದ ಅಮೆರಿಕದಲ್ಲಿ. ಅಲ್ಲಿನ ವೈದ್ಯಕೀಯ ಬಿಲ್ಲಿನ ಪಟ್ಟಿಯಲ್ಲಿ ಮಸಾಜಿಗೆ 97124 ಎಂಬ ಸಂಕೇತ. ಅದು 15 ನಿಮಿಷದ ಯೂನಿಟ್. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಲೆಕ್ಕದಲ್ಲಿ ಕನಿಷ್ಠ 8 ನಿಮಿಷವಾದರೆ ಒಂದು ಯೂನಿಟ್, 23ಕ್ಕೆ ಎರಡು, 38ಕ್ಕೆ ಮೂರು, 53ಕ್ಕೆ ನಾಲ್ಕು. ಅಂದರೆ 53 ನಿಮಿಷ ಮಾಡಿದರೂ ಗಂಟೆಯ ಬಿಲ್ಲು. (ವಾತಕ್ಕೆ ಹೇಳಿದ 10,000 ಮಾತ್ರೆಯೂ 53 ನಿಮಿಷ! ಕಾಕತಾಳೀಯ, ಬೇರೇನಲ್ಲ.) ಸ್ಯಾನ್‌ಫ್ರಾನ್ಸಿಸ್ಕೋದ ಡೇವಿಡ್ ಪಾಮರ್ 1980ರ ದಶಕದಲ್ಲಿ ಕುರ್ಚಿಯ ಮೇಲೆ ಮುಂದಕ್ಕೆ ಬಾಗಿಸಿ ಕೂರಿಸಿ, ಬಟ್ಟೆ ತೆಗೆಸದೆ, ಎಣ್ಣೆ ಮುಟ್ಟಿಸದೆ ಕೆಲಸದ ಜಾಗದಲ್ಲೇ ಮಾಡುವ ಮಸಾಜ್ ತಂದ ಮೇಲೆ 15 ನಿಮಿಷವೇ ಒಂದು ಪೂರ್ಣ ಸರಕಾಯಿತು. ಮಾಲ್‌ಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಕಾಣುವುದು ಇದರ ಮೊಮ್ಮಕ್ಕಳನ್ನು.

ಈಗ ಬೋರ್ಡಿನ ಮೇಲಿನ ‘60 ನಿಮಿಷ’ವನ್ನು ಬಿಚ್ಚಿ ನೋಡೋಣ. ಬಿಪಿ ನೋಡುವುದು, ಊಟ–ಔಷಧಿ ವಿಚಾರಿಸುವುದಕ್ಕೆ 5 ನಿಮಿಷ. ಬಟ್ಟೆ ಬದಲಿಸಿ ದ್ರೋಣಿ (ಎಣ್ಣೆ ಹಚ್ಚಲು ಮಲಗಿಸುವ ಮರದ ಮಂಚ) ಅಥವಾ ಟೇಬಲ್ ಹತ್ತಲು 4. ಕೊನೆಗೆ ಒರೆಸಿ, ಎದ್ದು ಕೂರಿಸಿ, ಇಳಿಸಲು 5. ಮುಂದಿನವರು ಬರುವ ಮುನ್ನ ಟೇಬಲ್ ಒರೆಸಿ ಹಾಸು ಬದಲಿಸಲು 5. ಇದನ್ನೆಲ್ಲ ಅದೇ ಗಂಟೆಯಲ್ಲಿ ತುರುಕಿದರೆ ಕೈ ಮೈಮೇಲಿರುವ ಹೊತ್ತು 41 ನಿಮಿಷ. ಇದರಲ್ಲಿ ಮೋಸವಿಲ್ಲ, ಬುಕಿಂಗ್ ನಡೆಯುವುದೇ ಹಾಗೆ. ಹೇಳದಿರುವುದು ತಪ್ಪು.

ಇನ್ನು ಕೈಗಳ ಸಂಖ್ಯೆ. ಕೇರಳ ಪದ್ಧತಿಯಲ್ಲಿ ದ್ರೋಣಿಯ ಎರಡು ಬದಿಗೂ ಒಬ್ಬೊಬ್ಬರು ನಿಂತು ಒಂದೇ ಲಯದಲ್ಲಿ ನೀವುತ್ತಾರೆ. ನಾಲ್ಕು ಕೈಯ ಐದು ನಿಮಿಷಕ್ಕೂ ಎರಡು ಕೈಯ ಐದು ನಿಮಿಷಕ್ಕೂ ವ್ಯತ್ಯಾಸ ನೇರವಾಗಿ ದುಪ್ಪಟ್ಟು. ಇಬ್ಬರು 35 ನಿಮಿಷದಲ್ಲಿ ಮಾಡುವುದಕ್ಕೆ ಒಬ್ಬರಿಗೆ 70 ನಿಮಿಷ ಬೇಕು. ಒಬ್ಬರೇ ಮಾಡುವ ಕಡೆ ಮೈಯೆಲ್ಲ 41 ನಿಮಿಷದಲ್ಲಿ ಮುಗಿಯಿತೆಂದರೆ ಎಲ್ಲೋ ಒಂದು ಕಡೆ ಕೈ ಹಾರಿದೆ ಎಂದೇ ಅರ್ಥ. ಹೆಚ್ಚಾಗಿ ಹಾರುವುದು ಪಾದ ಮತ್ತು ತಲೆ, ವಾಗ್ಭಟ ವಿಶೇಷವಾಗಿ ಹೇಳಿದ ಜಾಗಗಳೇ.

ಹೊತ್ತು ಹೆಚ್ಚಾದರೂ ತೊಂದರೆ ಇದೆ. ಇಡೀ ಮೈಗೆ 80–100 ಮಿಲಿಲೀಟರ್ ಎಣ್ಣೆ ಸಾಕು. ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಮುಂಗೈ ತಡೆಯುವಷ್ಟು ಬೆಚ್ಚಗಿರಬೇಕು. ಹೊರಗೆ ತೆಗೆದಿಟ್ಟ ಬಟ್ಟಲು ಹತ್ತು ನಿಮಿಷದೊಳಗೆ ಆರುತ್ತದೆ, ಆದ್ದರಿಂದ ಎರಡು ಬಟ್ಟಲು ಬೇಕು. 90 ನಿಮಿಷದ ಪ್ಯಾಕೇಜಿಗೂ ಅದೇ 80 ಮಿಲಿ ಹಾಕಿ ಎಳೆದರೆ ಕೊನೆಯ ಅರ್ಧ ಗಂಟೆ ಒಣ ಚರ್ಮವನ್ನು ಉಜ್ಜಿದಂತೆ. ಕೂದಲಿರುವ ಕಾಲು, ಎದೆಯ ಮೇಲೆ ಹೀಗೆ ಕೂದಲಿಗೆ ಎದುರಾಗಿ ಉಜ್ಜಿದರೆ ಮರುದಿನ ಬುಡದಲ್ಲಿ ಕೆಂಪು ಗುಳ್ಳೆ ಏಳುತ್ತವೆ. ಬೋರಲು ಮಲಗಿಸಿ ಇಪ್ಪತ್ತು ನಿಮಿಷ ದಾಟಿದರೆ ಮೂಗು ಕಟ್ಟುತ್ತದೆ, ಕತ್ತು ಹಿಡಿಯುತ್ತದೆ. ಒಂದು ಗಂಟೆ ಮಲಗಿದ್ದವರನ್ನು ಒಮ್ಮೆಗೇ ಎಬ್ಬಿಸಿದರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುತ್ತದೆ, ಕೆಳಗೆ ಎಣ್ಣೆಯ ನೆಲ ಬೇರೆ. ಮಗ್ಗುಲಿಗೆ ಹೊರಳಿಸಿ, ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಿಸಿ, ಆಮೇಲೆ ಇಳಿಸಬೇಕು. ರಕ್ತ ತೆಳುಮಾಡುವ ಗುಳಿಗೆ ತಿನ್ನುವವರಿಗೆ ಹೊತ್ತು ಹೆಚ್ಚಾದಷ್ಟೂ ಮೈ ಕಂದುಗಟ್ಟುತ್ತದೆ. ಪಾದದ ಸ್ಪರ್ಶಜ್ಞಾನ ಕಡಿಮೆಯಾದ ಮಧುಮೇಹಿಗಳಿಗೆ ಎಣ್ಣೆ ಸುಡುವುದೂ ಗೊತ್ತಾಗುವುದಿಲ್ಲ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅಲ್ಲಿ ಕೈ ಇಡಲೇಬಾರದು; ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ವೈದ್ಯರಿಗೆ ತೋರಿಸಬೇಕು.

ಆದ್ದರಿಂದ ಪತ್ರಿಕೆಗೆ ನಮ್ಮದೊಂದು ಕೋರಿಕೆ. ಇಂಥ ಕೇಂದ್ರಗಳ ಬಗ್ಗೆ ಬರೆಯುವಾಗ, ದರದ ಪಟ್ಟಿ ಅಚ್ಚುಮಾಡುವಾಗ ಮೂರು ಅಂಕಿ ಕೇಳಿ ಹಾಕಿ: ಕೈ ಮೈಮೇಲಿರುವ ನಿಮಿಷ ಎಷ್ಟು, ಮಾಡುವವರು ಒಬ್ಬರೋ ಇಬ್ಬರೋ, ಎಣ್ಣೆ ಎಷ್ಟು ಮಿಲಿ. ಓದುಗರು ಕೂಡ ‘ಎಷ್ಟು ಹೊತ್ತು’ ಎಂದು ಕೇಳುವ ಬದಲು ‘ಕಾಲಿಗೆ ಎಷ್ಟು, ತಲೆಗೆ ಎಷ್ಟು’ ಎಂದು ಕೇಳಲಿ.

ಮನೆಯಲ್ಲಿ ನರಕ ಚತುರ್ದಶಿಯ ಬೆಳಗ್ಗೆ ಎಣ್ಣೆ ಹಚ್ಚುವವರಿಗೆ ಗಡಿಯಾರವೂ ಬೇಡ. ಸುಶ್ರುತನ ನಿಮೇಷ ಎಂದರೆ ಒಂದು ಲಘು ಅಕ್ಷರದ ಹೊತ್ತು. ನಮ್ಮ ಛಂದಸ್ಸಿನ ಒಂದು ಮಾತ್ರೆಯೂ ಅದೇ. ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳಲ್ಲಿ ಹದಿನಾಲ್ಕು ಮಾತ್ರೆ, 3 ಮತ್ತು 6ನೇ ಸಾಲುಗಳಲ್ಲಿ ಇಪ್ಪತ್ತಮೂರು. ಕೂಡಿದರೆ ಪದ್ಯವೊಂದಕ್ಕೆ 102 ಮಾತ್ರೆ. ಕುಮಾರವ್ಯಾಸನ ಮೂರು ಪದ್ಯ ಓದಿದರೆ 300 ಮಾತ್ರೆ ದಾಟಿತು, ಒಂಬತ್ತು ಓದಿದರೆ 900. ರಾಗ ಎಳೆಯದೆ ನೇರವಾಗಿ ಓದಬೇಕು. ಗಮಕಿಗಳ ಆಲಾಪನೆ ಸೇರಿದರೆ ಲೆಕ್ಕ ತಪ್ಪುತ್ತದೆ. ಮಂಡಿ, ಭುಜ, ಸೊಂಟ ಒಂದೊಂದಕ್ಕೂ ಒಂಬತ್ತು ಪದ್ಯ, ಕೀಲುಗಳ ಮೇಲೆ ವೃತ್ತಾಕಾರವಾಗಿ, ಉದ್ದ ಎಲುಬಿನ ಮೇಲೆ ಉದ್ದಕ್ಕೆ. ಆಮೇಲೆ ಸೀಗೆಪುಡಿ ಮುಟ್ಟುವ ಮುನ್ನ ಎಣ್ಣೆ ಇನ್ನೊಂದಿಷ್ಟು ನಿಲ್ಲಲಿ. ಕಿವಿಗೆ ಎಣ್ಣೆ ಬಿಟ್ಟು ಕಿವಿಯ ಬುಡ ನೀವುವುದಕ್ಕೆ, ನೋವಿಲ್ಲದವರಿಗೆ, ವಾಗ್ಭಟ ಹೇಳಿದ್ದು 100 ಮಾತ್ರೆ. ತಮಟೆ ತೂತಾಗಿದ್ದರೆ, ಕಿವಿ ಸೋರುತ್ತಿದ್ದರೆ ಬಿಡಲೇಬಾರದು. ಉಳಿದವರಿಗೆ ಉಗುರುಬೆಚ್ಚಗಿನ ನಾಲ್ಕು ತೊಟ್ಟು, ಒಂದೇ ಒಂದು ಷಟ್ಪದಿ.

ಇಂತಿ,
ಪಂಚಕರ್ಮ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯರು, ಮೈಸೂರು